ಸೀಟಿನ ಕಂಬಿಯ ಕೆಂಪು ಟೇಪು

ಆ ಅಂಗಡಿಯಲ್ಲಿ ಇಬ್ಬರು ಸೇರಿದರೆ ಒಬ್ಬ ಸೈಕಲ್ ಮೆಕ್ಯಾನಿಕ್ ಆಗುತ್ತಾನೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಕಿವಿ ಮೇಸ್ತ್ರಿಯದು, ಕೈ ಅಕ್ಕನದು. ಅಕ್ಕ ಎಂದರೆ ಮೇಸ್ತ್ರಿಯ ಹೆಂಡತಿ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳೂ ಅದಕ್ಕೆ ಎಂದೂ ಮೂಗು ಮುರಿದವಳಲ್ಲ.

ತಮಾಷೆಯಲ್ಲಿ ಸುಳ್ಳೇನೂ ಇರಲಿಲ್ಲ. ಮೇಸ್ತ್ರಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಮಾತು ಪೂರಾ ಹೋಗಿ ಒಂದೇ ಒಂದು "ಹೂಂ" ಉಳಿದಿತ್ತು. ಊಟ ಬೇಕೆಂದರೂ ಹೂಂ, ಸಾಕೆಂದರೂ ಹೂಂ. ಪೇಪರು ಕೊಟ್ಟರೆ ಇರುವೆ ಸಾಲು ನೋಡಿದ ಹಾಗೆ ನೋಡಿ ಕೆಳಗಿಡುತ್ತಿದ್ದ, ಅಕ್ಷರವೂ ಕೈಬಿಟ್ಟಿತ್ತು. "ಕಿವಿಗೇನೂ ಆಗಿಲ್ಲಮ್ಮ, ಎಲ್ಲಾ ಕೇಳಿಸುತ್ತೆ, ಎಲ್ಲಾ ಅರ್ಥ ಆಗುತ್ತೆ. ನೀವು ಮಾತಾಡ್ತಾನೇ ಇರಿ. ಆದ್ರೆ ಮನಸ್ಸಿಗೆ ಧಕ್ಕೆ ಆಗೋ ಅಂಥದ್ದೇನೂ ಆಗಬಾರದು, ಬಿ.ಪಿ. ಏರಿದ್ರೆ ಕಷ್ಟ," ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಲ್ಲಿಯವರೆಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ ಹೆಂಗಸು ಅಂದಿನಿಂದ ಮಾತಿನ ಮಲ್ಲಿಯಾದಳು. ಹಾಲು ಒಡೆದದ್ದು, ಎದುರು ಮನೆಯವರ ಜಗಳ, ತನ್ನ ಮಂಡಿನೋವು, ಎಲ್ಲವೂ ಮೇಸ್ತ್ರಿಯ ಕಿವಿಗೆ ಬೀಳಬೇಕು. ಗಂಡನ ಒಂದು ಹೂಂನಲ್ಲಿ ಅವಳಿಗೆ ಹತ್ತು ಬಗೆ ಗೊತ್ತಾಗುತ್ತಿತ್ತು, ಅಥವಾ ಗೊತ್ತಾಗುತ್ತದೆ ಎಂದುಕೊಂಡಿದ್ದಳು.

ಅಂಗಡಿ ಮುಚ್ಚುವುದು ಅವಳಿಗೆ ಒಪ್ಪಿಗೆಯಿರಲಿಲ್ಲ. ಮದುವೆಗೆ ಮುಂಚೆ ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದವಳು, ಕೈ ಪಳಗಿತ್ತು. ಮದುವೆಯಾದ ಮೇಲೆ ಗಂಡನಿಗೆ ಸ್ಪ್ಯಾನರ್ ಎತ್ತಿಕೊಡುತ್ತಾ ಕೊಡುತ್ತಾ ಯಾವ ತಿರುಪಿಗೆ ಯಾವುದು ಎಂದು ಕಲಿತಿದ್ದಳು. ಅವನು ಮಲಗಿದ ಮೇಲೆ ಮೊದಲು ಪಂಕ್ಚರು, ಆಮೇಲೆ ಬ್ರೇಕು, ಆಮೇಲೆ ಬಾಗಿದ ಚಕ್ರ. ಸದ್ದಿನ ಕೇಸು ಬಂದಾಗ ಮಾತ್ರ ಮೇಸ್ತ್ರಿ ಬೇಕು. ಅವಳು ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ ಪೆಡಲು ತಿರುಗಿಸುವಳು. ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತ ಮೇಸ್ತ್ರಿ ಕತ್ತು ಒಂದು ಕಡೆಗೆ ವಾಲಿಸಿ, ಹೆಂಡತಿಯನ್ನೇ ನೋಡುತ್ತಾ ಇರುವನು. "ಏನ್ರೀ, ಎಲ್ಲಿ?" ಎಂದು ಅವಳು ಕೇಳುವಳು. ಅವನು ಎಡಗೈ ಎತ್ತಿ ತೋರಿಸುವನು: ಪೆಡಲಿನ ಬುಡ, ಇಲ್ಲವೇ ಹಿಂದಿನ ಚಕ್ರದ ನಡು. "ಹೂಂ." ಬಿಚ್ಚಿದರೆ ಅಲ್ಲೇ ಒಡೆದ ಬೇರಿಂಗ್ ಗುಂಡು ಸಿಗುತ್ತಿತ್ತು. ಗಿರಾಕಿಗಳು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅಕ್ಕನಿಗೆ ಆಗ ಒಳಗೊಳಗೇ ಹೆಮ್ಮೆ, ಗಂಡನನ್ನು ಇನ್ನೂ ಯಾರೂ ಮೂಲೆಗೆ ಸೇರಿಸಿಲ್ಲ ಎಂದು.

ಅಂಗಡಿಯಲ್ಲಿ ಇನ್ನೊಂದು ಪದ್ಧತಿ ಇತ್ತು, ಮೇಸ್ತ್ರಿ ತನ್ನ ಕೈ ಗಟ್ಟಿಯಾಗಿದ್ದಾಗಲೇ ಮಾಡಿದ್ದು. ರಿಪೇರಿಗೆ ಬಂದ ಸೈಕಲ್ಲಿನ ಸೀಟನ್ನು ಬಿಚ್ಚಬೇಕಾಗುತ್ತದೆ, ವಾಪಸು ಕೂರಿಸುವಾಗ ಒಂದು ಬೆರಳು ಹೆಚ್ಚುಕಮ್ಮಿಯಾದರೂ ಓಡಿಸುವವನ ಸೊಂಟ ದೂರು ಹೇಳುತ್ತದೆ. ಅದಕ್ಕೇ ಅವನು ಹೊಸ ಗಿರಾಕಿಯನ್ನು ಸೈಕಲ್ಲಿನ ಮೇಲೆ ಕೂರಿಸಿ, ಕಾಲಿಗೆ ಹೊಂದುವ ಎತ್ತರ ನೋಡಿ, ಸೀಟಿನ ಕಂಬಿಗೆ ಅಲ್ಲೇ ಕೆಂಪು ಟೇಪು ಸುತ್ತುತ್ತಿದ್ದ. ಆ ಟೇಪು ಆ ಮನುಷ್ಯನದು. ಹರಿದರೆ ಅದೇ ಜಾಗಕ್ಕೆ ಹೊಸದು ಸುತ್ತಬೇಕೇ ಹೊರತು ಜಾಗ ಬದಲಿಸುವಂತಿಲ್ಲ. ಸೈಕಲ್ಲು ಬೇರೆಯವರ ಪಾಲಾದಾಗ ಮಾತ್ರ ಹಳೇ ಟೇಪು ಕೀಳುವುದು. ಒಮ್ಮೆ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದ ಮುದುಕ ತೀರಿಕೊಂಡು, ಅವನ ಸೈಕಲ್ಲನ್ನು ಮಗ ತಂದಿದ್ದ. ಮೇಸ್ತ್ರಿ ಟೇಪು ಸುಲಿದು, ಅದನ್ನು ಆ ಮಗನ ಅಂಗೈಯಲ್ಲಿಟ್ಟು, "ಈಗ ಕೂತ್ಕೊಳಪ್ಪ, ನಿನ್ನ ಎತ್ತರ ನೋಡೋಣ," ಎಂದಿದ್ದ. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಗಂಡಸು ಆ ತುಂಡು ಟೇಪು ಹಿಡಿದುಕೊಂಡು ಗೊಳೋ ಎಂದು ಅತ್ತದ್ದನ್ನು ಅಕ್ಕ ನೋಡಿದ್ದಳು.

ಆ ಅಂಗಡಿಯ ಅತಿ ಎತ್ತರದ ಟೇಪು ಉದ್ದಣ್ಣನದು. ಉದ್ದಣ್ಣ ಎಂದರೆ ಮೇಸ್ತ್ರಿಯ ಒಬ್ಬನೇ ತಮ್ಮ. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಿ ಬಗ್ಗಿಸಿ ಬೆನ್ನೇ ಬಾಗಿಹೋಗಿದ್ದ ಮನುಷ್ಯ. ಬೇರೆ ಊರಿನಲ್ಲಿದ್ದ, ಆದರೆ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ತನ್ನ ಹಳೇ ಗೇರು ಸೈಕಲ್ಲಿನಲ್ಲಿ ಅಷ್ಟು ದೂರ ತುಳಿದುಕೊಂಡೇ ಬರುತ್ತಿದ್ದ. ಹಿಡಿಕೆ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡಿದ್ದ, ಹಸಿರು ಬಣ್ಣದ, ಈಗ ಎಲ್ಲೂ ತಯಾರಾಗದ ಸೈಕಲ್ಲು. ಹರೆಯದಲ್ಲಿ ಅಣ್ಣತಮ್ಮ ಇಬ್ಬರೂ ಬೇರೆ ಬೇರೆ ಗುಜರಿಗಳಿಂದ ಬಿಡಿಭಾಗ ಹೆಕ್ಕಿ ತಂದು ಅದನ್ನು ಜೋಡಿಸಿದ್ದರು. ಬಂದವನು ಅಣ್ಣನ ಕುರ್ಚಿಯ ಪಕ್ಕದ ಮರದ ಸ್ಟೂಲಿನ ಮೇಲೆ ಮಂಡಿ ಎದೆಗೆ ತಾಗುವ ಹಾಗೆ ಮುದುರಿ ಕೂರುತ್ತಿದ್ದ.

"ಅತ್ತಿಗೆ, ನಮ್ಮಣ್ಣನಿಗೆ ಮಾತು ಹೋದದ್ದೇ ಒಳ್ಳೇದಾಯ್ತು. ನಲವತ್ತು ವರ್ಷದಿಂದ ಬೈಸ್ಕೊಂಡಿದ್ದೀನಿ, ಈಗ ಬರೀ ಹೂಂ ಅನ್ನಿಸ್ಕೋತೀನಿ," ಎಂದು ಕಾಲೆಳೆಯುವನು. ಮೇಸ್ತ್ರಿ ಎಡಗೈಯಿಂದ ತಮ್ಮನ ಬೆನ್ನಿಗೆ ಗುದ್ದುವನು. ಗಂಡ ಬಾಯಿ ತುಂಬ ನಗುವುದನ್ನು ಅಕ್ಕ ಕಾಣುತ್ತಿದ್ದದ್ದು ಆ ಒಂದು ದಿನ ಮಾತ್ರ.

ಆ ಉದ್ದಣ್ಣ ಹೋದ ವರ್ಷದ ಕೊನೆಯಲ್ಲಿ, ಸ್ನಾನಕ್ಕೆ ನೀರು ಕಾಯಿಸುತ್ತಿದ್ದವನು, ಎದೆ ಹಿಡಿದುಕೊಂಡು ಕುಸಿದು ಹೋಗಿಬಿಟ್ಟ.

ಸುದ್ದಿ ಬಂದಾಗ ಮೇಸ್ತ್ರಿ ಜ್ವರದಿಂದ ಎದ್ದು ಇನ್ನೂ ಸುಧಾರಿಸಿಕೊಳ್ಳುತ್ತಿದ್ದ. ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ಪಕ್ಕದಂಗಡಿಯ ಟೈಲರನ ಸುಪರ್ದಿಗೆ ಅವನನ್ನು ಬಿಟ್ಟು, ಏನೋ ನೆಪ ಹೇಳಿ, ಅಕ್ಕ ಒಬ್ಬಳೇ ಬಸ್ಸು ಹತ್ತಿದಳು. ಮೈದುನನ ಮುಖ ನೋಡಿ, ಹೆಗಲು ಕೊಟ್ಟವರ ಹಿಂದೆ ನಡೆದು, ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಗೆ ತಲೆಯಾನಿಸಿ ಅತ್ತಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ನಲ್ಲಿಯ ಕೆಳಗೆ ಮುಖ ಹಿಡಿದು, ಕಣ್ಣಿನ ಕೆಂಪು ಇಳಿಯುವವರೆಗೂ ನೀರು ಎರಚಿಕೊಂಡಳು. ಡಾಕ್ಟರ ಮಾತು ತಲೆಯಲ್ಲಿತ್ತು. ಮುಖ ಸರಿಮಾಡಿಕೊಂಡು, ಬಾಯಲ್ಲಿ ಹೇಗೆ ಹೇಳುವುದೆಂದು ಹತ್ತಾರು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಅಂಗಡಿಗೆ ಬಂದಳು.

ಹೇಳಿದ್ದು ಮಾರನೆಯ ದಿನ, ಒಂದು ಚಕ್ರದ ಕಡ್ಡಿ ಬಿಗಿಯುತ್ತಾ. ಕಣ್ಣು ಕಡ್ಡಿಯ ಮೇಲೇ ಇಟ್ಟು, ದನಿ ನಡುಗದ ಹಾಗೆ, ಹವಾಮಾನ ಹೇಳುವವರ ಹಾಗೆ ಹೇಳಿದಳು. "ರೀ, ಉದ್ದಣ್ಣ ಹೋಗ್ಬಿಟ್ರು. ನರಳಲಿಲ್ಲ. ಒಳ್ಳೇ ಸಾವು. ನೀವು ಮನಸ್ಸಿಗೆ ಹಚ್ಕೋಬೇಡಿ."

"ಹೂಂ," ಎಂದ ಮೇಸ್ತ್ರಿ.

ಅವಳು ಕತ್ತೆತ್ತಿ ನೋಡಿದಳು. ಅವನು ಎಂದಿನ ಹಾಗೆ ಅವಳನ್ನೇ ನೋಡುತ್ತಿದ್ದ. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಅವಳಿಗೆ ಮೊದಲು ಸಮಾಧಾನವಾಯಿತು, ಸಂಜೆಯ ಹೊತ್ತಿಗೆ ಬೇಸರವಾಯಿತು, ವಾರ ಕಳೆಯುವುದರೊಳಗೆ ಸಿಟ್ಟೇ ಬಂತು. ಒಡಹುಟ್ಟಿದವನು ಹೋದರೆ ಕಲ್ಲಾದರೂ ಬೆವರುತ್ತಿತ್ತಲ್ಲ, ಇದೇನು ಮನುಷ್ಯನೋ ಮರವೋ ಎಂದು ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. ಅಂದಿನಿಂದ ಉದ್ದಣ್ಣನ ಹೆಸರೆತ್ತಲಿಲ್ಲ. ಹೆಸರೆತ್ತಿದರೆ ತಾನೊಬ್ಬಳೇ ಅಳಬೇಕು, ಅದು ಅವಮಾನ ಎನ್ನಿಸುತ್ತಿತ್ತು.

ಮೊದಲ ಭಾನುವಾರಗಳು ಮಾತ್ರ ಬರುತ್ತಲೇ ಇದ್ದವು. ಮೇಸ್ತ್ರಿ ಕೋಲೂರಿಕೊಂಡು ಎದ್ದು, ಎಡಗೈಯಲ್ಲಿ ಒಂದು ಬಟ್ಟೆ ಹಿಡಿದು ಸ್ಟೂಲು ಒರೆಸುವನು. ಅಕ್ಕ ಬೇಕೆಂದೇ ಅದರ ಮೇಲೆ ಬಣ್ಣದ ಡಬ್ಬ ಇಟ್ಟರೆ ಒಂದೊಂದಾಗಿ ಕೆಳಗಿಳಿಸುವನು. ಒಂದು ಸಲ ಸ್ಟೂಲು ತೋರಿಸಿ, ರಸ್ತೆ ತೋರಿಸಿ, ಹುಬ್ಬೆತ್ತಿ ಅವಳನ್ನು ನೋಡಿದ. "ಇನ್ನೆಲ್ಲಿ ಬರ್ತಾರೆ, ಬಿಡಿ," ಎಂದು ಗದರಿ ಅವಳು ಒಳಗೆ ಹೋದಳು. ಮುಖ ತೋರಿಸದೆ ಹೋದಳು, ಯಾಕೆಂದರೆ ಅಳು ಬಂದಿತ್ತು.

ಹೀಗೆ ತಿಂಗಳುಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಉದ್ದಣ್ಣನ ಮಗಳು ಆ ಹಸಿರು ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಅವಳಿಗೆ ಇದೇ ಊರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತ್ತು, ಹೆಂಗಸರ ಹಾಸ್ಟೆಲಿನಲ್ಲಿ ಇಳಿದುಕೊಂಡಿದ್ದಳು. ಅಪ್ಪನ ಎತ್ತರದಲ್ಲಿ ಅರ್ಧವೂ ಅವಳಿಗೆ ಬಂದಿರಲಿಲ್ಲ. ಸೀಟು ಅವಳ ಎದೆಯ ಮಟ್ಟಕ್ಕಿತ್ತು.

ಸೈಕಲ್ಲು ಬೀದಿಯ ತಿರುವಿನಲ್ಲಿ ಕಂಡದ್ದೇ ತಡ, ಮೇಸ್ತ್ರಿ ಕುರ್ಚಿಯಿಂದ ಎದ್ದೇಬಿಟ್ಟ. ಮುಖ ಅರಳಿತು. "ಹೂಂ! ಹೂಂ!" ಎಂದು ಸೈಕಲ್ಲಿನ ಹಿಡಿಕೆ ಸವರಿದ, ಹುಡುಗಿಯ ತಲೆ ಸವರಿದ, ಅವಳ ತಲೆಯ ಮೇಲಿಂದ ರಸ್ತೆಯ ಕಡೆ ಕತ್ತು ಚಾಚಿ ಚಾಚಿ ನೋಡಿದ. ಆಮೇಲೆ ಬಟ್ಟೆ ಹುಡುಕಿ ಸ್ಟೂಲು ಒರೆಸತೊಡಗಿದ.

ಹುಡುಗಿಯ ಕಣ್ಣು ತುಂಬಿಬಂತು. ಅಕ್ಕನಿಗೆ ಮಾತ್ರ ಸಿಟ್ಟು ಉಕ್ಕಿತು. ತಮ್ಮ ಸತ್ತಾಗ ಕಣ್ಣೊದ್ದೆ ಮಾಡದವನು ತಮ್ಮನ ಸೈಕಲ್ಲು ಬಂದರೆ ಕುಣಿಯುತ್ತಾನಲ್ಲ!

"ಬಿಡಮ್ಮ, ಅವರಿಗೀಗ ಜನಕ್ಕಿಂತ ಸೈಕಲ್ಲೇ ಹೆಚ್ಚು," ಎಂದಳು, ಅವನಿಗೂ ಕೇಳಲಿ ಎಂದು ಗಟ್ಟಿಯಾಗಿ. "ಏನಾಗಿದೆ ಇದಕ್ಕೆ?"

"ಸದ್ದು, ದೊಡ್ಡಮ್ಮ. ನನ್ನ ಕಾಲಿಗೆ ಸೀಟು ಎಟಕಲ್ಲ, ನಿಂತ್ಕೊಂಡೇ ತುಳೀತೀನಿ. ಸ್ವಲ್ಪ ದೂರ ಹೋಗ್ತಿದ್ದ ಹಾಗೆ ಹಿಂದುಗಡೆಯಿಂದ ಕರಕರ ಕರಕರ ಅನ್ನುತ್ತೆ. ಅಪ್ಪ ಓಡಿಸ್ತಿದ್ದಾಗ ಸದ್ದೇ ಇರ್ಲಿಲ್ಲ. ನಾನು ಏನೋ ಹಾಳು ಮಾಡಿದೆ ಅನ್ಸುತ್ತೆ." "ಸರಿ ಹೋಗುತ್ತಲ್ವಾ? ಇದೊಂದೇ ಇರೋದು ಅವರದ್ದು ನನ್ನ ಹತ್ರ."

"ಹೋಗದೆ ಏನು. ನಾಳೆ ಬೆಳಿಗ್ಗೆ ಬಾ, ಕೂತ್ಕೊಂಡು ಹೋಗುವಂತೆ."

ಹುಡುಗಿ ಕೆಲಸಕ್ಕೆ ಹೋದಳು. ಅಕ್ಕ ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿದಳು. ಈ ಸೈಕಲ್ಲಿನ ಹಿಂದಿನ ಚಕ್ರದ ಪಕ್ಕದಲ್ಲಿ ಒಂದು ಸಾಧನ ನೇತಾಡುತ್ತದೆ, ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು ಅದರ ಕೆಲಸ. ಡಿರೈಲರ್ ಎಂದು ಅದರ ಹೆಸರು. ಮೇಸ್ತ್ರಿ ಅದನ್ನು ಕರೆಯುತ್ತಿದ್ದದ್ದು ಬಾಲ ಎಂದು. ಬಾಲದಲ್ಲಿ ಎರಡು ಪುಟ್ಟ ಚಕ್ರಗಳಿರುತ್ತವೆ, ಅವು ಒಣಗಿದರೆ ಕೀರಲು ಸದ್ದು. ಬಾಲ ಬಾಗಿದ್ದರೆ ಚೈನು ಹಲ್ಲಿಗೆ ಉಜ್ಜುವ ಸದ್ದು. ಚೈನಿನ ಒಂದು ಕೊಂಡಿ ಬಿಗಿದುಕೊಂಡಿದ್ದರೆ ಸುತ್ತಿಗೊಮ್ಮೆ ಟಕ್ ಎನ್ನುವ ಸದ್ದು. ಅವಳು ಪೆಡಲು ತಿರುಗಿಸಿದಳು.

ಏನೂ ಇಲ್ಲ. ಎಣ್ಣೆ ಹಾಕಿದ ಹೊಲಿಗೆ ಯಂತ್ರದ ಹಾಗೆ ಸುಯ್ಯನೆ ತಿರುಗಿತು. ಗೇರು ಬದಲಿಸಿ ನೋಡಿದಳು. ಹಿಂದಕ್ಕೆ ತಿರುಗಿಸಿದಳು. ಕಿವಿಯನ್ನು ಬಾಲಕ್ಕೆ ತಾಗಿಸುವಷ್ಟು ಹತ್ತಿರ ಒಯ್ದಳು. ಸದ್ದೇ ಇಲ್ಲ. ಹುಡುಗಿಗೆ ಭ್ರಮೆಯೇನೋ ಎಂದುಕೊಂಡು, ಅಭ್ಯಾಸಬಲದಿಂದ ಗಂಡನ ಕಡೆ ತಿರುಗಿದಳು.

ಮೇಸ್ತ್ರಿ ಕತ್ತು ವಾಲಿಸಿ ಗಂಭೀರವಾಗಿ ಆಲಿಸುತ್ತಿದ್ದ. ಅವಳ ಕಣ್ಣು ಬಾಲದ ಹತ್ತಿರ ಇದ್ದದ್ದನ್ನು ನೋಡಿ ಎಡಗೈ ಎತ್ತಿದ. ಬಾಲದ ಕೆಳಗಿನ ಪುಟ್ಟ ಚಕ್ರ ತೋರಿಸಿದ. ಬೆರಳನ್ನು ಗಾಳಿಯಲ್ಲಿ ಕುಟ್ಟಿದ, ಟಕ್, ಟಕ್, ಟಕ್. "ಹೂಂ," ಎಂದ, ಸಿಕ್ಕಿತು ಎನ್ನುವ ಗೆಲುವಿನಲ್ಲಿ.

ಅಕ್ಕನ ಕೈ ಪೆಡಲಿನ ಮೇಲೇ ನಿಂತಿತು. ಚಕ್ರ ತಾನಾಗಿ ತಿರುಗಿ ತಿರುಗಿ ನಿಂತಿತು.

ಅವಳು ಎದ್ದು, ನೀರು ಕುಡಿಯಲು ಹೋಗುವವಳ ಹಾಗೆ ಅವನ ಕುರ್ಚಿಯ ಹಿಂದೆ ಹೋದಳು. ದೊಡ್ಡ ಸ್ಪ್ಯಾನರನ್ನು ಸಿಮೆಂಟಿನ ನೆಲದ ಮೇಲೆ ಬಿಟ್ಟಳು. ಪಕ್ಕದಂಗಡಿಯಿಂದ ಟೈಲರ್, "ಏನಕ್ಕಾ, ಕಾಲ ಮೇಲೆ ಬಿತ್ತಾ?" ಎಂದು ಕೂಗಿದ. ಮೇಸ್ತ್ರಿ ಅಲುಗಲಿಲ್ಲ. ಖಾಲಿ ಡಬ್ಬ ಎತ್ತಿ ಗೋಡೆಗೆ ಎಸೆದಳು. ಅಲುಗಲಿಲ್ಲ. "ರೀ," ಎಂದಳು. "ರೀ, ಕೇಳಿಸ್ತಾ ಇದೆಯಾ?" ಎಂದು ಅವನ ಕಿವಿಯ ಹಿಂದೆ ಬಾಯಿಟ್ಟು ಕಿರುಚಿದಳು. ಅವನು ರಸ್ತೆ ನೋಡುತ್ತಾ ಕೂತಿದ್ದ. ಕತ್ತಿನ ಮೇಲೆ ಅವಳ ಉಸಿರು ಬಿದ್ದದ್ದಕ್ಕೆ ಮೆಲ್ಲಗೆ ತಿರುಗಿ, ಅವಳ ಮುಖ ನೋಡಿ, "ಹೂಂ," ಎಂದ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಒಂದೊಂದೇ ನೆನಪಾಗತೊಡಗಿತು. ಜ್ವರ ಬಂದು ಹೋದ ಮೇಲೆ ರೇಡಿಯೋ ಸ್ಟೇಷನ್ ತಪ್ಪಿ ಬುಸುಬುಸು ಎನ್ನುತ್ತಿದ್ದರೂ ಅವನು ಬೆರಳಲ್ಲಿ ತಾಳ ಹಾಕುತ್ತಾ ಕೂತಿದ್ದ. ಅವಳು ನಕ್ಕು ಆರಿಸಿದ್ದಳು. ಹಿಂದಿನಿಂದ ಲಾರಿ ಹಾರ್ನು ಹೊಡೆದರೂ ಪಕ್ಕಕ್ಕೆ ಸರಿದಿರಲಿಲ್ಲ. ಕಾಲಿನ ಸೋಲು ಎಂದುಕೊಂಡಿದ್ದಳು. ಹಾಗಾದರೆ ಇಷ್ಟು ದಿನ ತೋರಿಸಿದ್ದು? ಪೆಡಲಿನ ಬುಡ, ಚಕ್ರದ ನಡು, ಒಡೆದ ಗುಂಡು? ಅದೂ ತಿಳಿಯಿತು. ಸದ್ದು ಕೇಳುತ್ತಿದ್ದವಳು ಅವಳೇ. ಎಲ್ಲಿ ಎಂದು ಅವಳಿಗೆ ಗೊತ್ತಾದ ಕೂಡಲೇ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಅವನು ಅವಳ ಮುಖ ಓದಿ ಅಲ್ಲಿಗೆ ಬೆರಳು ಮಾಡುತ್ತಿದ್ದ. ಜ್ವರ ಬಂದು ಹೋದಾಗಿನಿಂದ ಅಂಗಡಿಯ ಕೈಯೂ ಕಿವಿಯೂ ಅವಳದೇ ಆಗಿತ್ತು. ಇನ್ನೊಂದು ಹೊತ್ತಿನಲ್ಲಾದರೆ ಇದು ಹೆಮ್ಮೆಯ ಮಾತು. ಈಗ ಅವಳಿಗೆ ಗಂಡನದೇ ಯೋಚನೆಯಾಯಿತು. ಕಿವಿಯೂ ಹೋಯಿತೆಂದು ಗೊತ್ತಾದರೆ ತಾನು ಕುರ್ಚಿಯ ಮೇಲಿನ ಮೂಟೆಯಾಗುತ್ತೇನೆ ಎಂದು ಹೆದರಿ, ಆ ಹೆದರಿಕೆಯನ್ನು ಒಬ್ಬನೇ ನುಂಗಿಕೊಂಡು ಕೂತಿದ್ದನಲ್ಲ.

ಅವಳು ದಿನವಿಡೀ ಆಡಿದ್ದ ಮಾತೆಲ್ಲ ಗೋಡೆಗೆ ಆಡಿದಂತಾಗಿತ್ತು. ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅದರ ಹಿಂದೆಯೇ ಇನ್ನೊಂದು ನೆನಪು ಬಂತು. ಉದ್ದಣ್ಣ ಹೋದದ್ದು ಜ್ವರ ಬಂದು ಹೋದ ಮೇಲೆ.

ಅವನಿಗೆ ಗೊತ್ತೇ ಇಲ್ಲ.

ಗೊತ್ತಿಲ್ಲದವನು ಏನೆಂದುಕೊಂಡಿರಬೇಕು? ತಮ್ಮ ಬರುವುದನ್ನು ನಿಲ್ಲಿಸಿಬಿಟ್ಟ. ಮಾತು ಬಾರದ ಅಣ್ಣನ ಪಕ್ಕ ಕೂತು ಕೂತು ಬೇಸತ್ತ. ಕೇಳಿದರೆ ಹೆಂಡತಿ ಗದರಿ ಒಳಗೆ ಹೋಗುತ್ತಾಳೆ, ಅಂದರೆ ಏನೋ ಜಗಳವಾಗಿದೆ. ಆದರೂ ಬಂದೇ ಬರುತ್ತಾನೆ ಎಂದು ಅವನು ಪ್ರತಿ ತಿಂಗಳೂ ಸ್ಟೂಲು ಒರೆಸಿದ್ದ. ಇವತ್ತು ಸೈಕಲ್ಲು ಬಂತು, ಹಿಂದೆಯೇ ತಮ್ಮನೂ ಬರುತ್ತಾನೆ ಎಂದು ಕತ್ತು ಚಾಚಿದ್ದ. ಅಂಥವನಿಗೆ ಅವಳು ಮನುಷ್ಯನೋ ಮರವೋ ಎಂದಿದ್ದಳು. ನಲ್ಲಿಯ ಕೆಳಗೆ ತೊಳೆದುಕೊಂಡ ಆ ಮುಖವನ್ನು ಈಗ ಕಿತ್ತೆಸೆಯಬೇಕೆನ್ನಿಸಿತು. ಅವತ್ತು ಅತ್ತ ಮುಖ ಹೊತ್ತು ಬಂದಿದ್ದರೆ ಅವನು ಅಂದೇ ಓದಿಕೊಳ್ಳುತ್ತಿದ್ದ.

ಕೆಲಸ ಬಿಟ್ಟು ಕೂರಲು ಅವಳಿಗೆ ಬರುತ್ತಿರಲಿಲ್ಲ. ಕಣ್ಣೊರೆಸಿಕೊಂಡು ಸೈಕಲ್ಲು ಇಳಿಸಿದಳು. ಸ್ಟ್ಯಾಂಡಿನ ಮೇಲೆ ಸದ್ದಿಲ್ಲ, ತುಳಿದರೆ ಸದ್ದು ಎಂದಮೇಲೆ ತುಳಿದೇ ನೋಡಬೇಕು. ಸೆರಗು ಸಿಕ್ಕಿಸಿ, ಸೀಟಿನ ಗೊಡವೆಗೆ ಹೋಗದೆ, ಪೆಡಲಿನ ಮೇಲೆ ನಿಂತು ಬೀದಿಯಲ್ಲಿ ಹೊರಟಳು. ಟೈಲರ್ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಬಾಯಿಬಿಟ್ಟು ನೋಡಿದ. ಸ್ವಲ್ಪ ದೂರ ಸುಮ್ಮನಿತ್ತು. ಏರಿನಲ್ಲಿ ಜೋರಾಗಿ ತುಳಿದದ್ದೇ ಹಿಂದಿನಿಂದ ಕರಕರ ಶುರುವಾಯಿತು. ಬಗ್ಗಿ ಬಾಲದ ಕಡೆ ನೋಡಿದಳು, ಅಲ್ಲೇನೂ ಕಾಣಲಿಲ್ಲ. ನೋಟ ಮುಂದಕ್ಕೆ ತಂದಾಗ ಕಂಡಿತು. ಸೈಕಲ್ಲಿನ ಚೌಕಟ್ಟಿನ ಕೆಳಗಿನ ಕೊಳವೆಯ ಮೇಲಿದ್ದ, ಗೇರು ಬದಲಿಸುವ ಹಿಡಿ ಯಾರೂ ಮುಟ್ಟದಿದ್ದರೂ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದಕ್ಕೆ ಜಾರುತ್ತಿತ್ತು. ಹಿಡಿ ಜಾರಿದರೆ ತಂತಿ ಸಡಿಲ, ತಂತಿ ಸಡಿಲಾದರೆ ಬಾಲ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಚೈನು ಎರಡು ಹಲ್ಲಿನ ಚಕ್ರಗಳ ನಡುವೆ ಸಿಕ್ಕಿ ಉಜ್ಜುತ್ತದೆ. ಬಾಲದಲ್ಲಿ ಯಾವ ತಪ್ಪೂ ಇರಲಿಲ್ಲ.

ಅಂಗಡಿಗೆ ತಂದು ಹಿಡಿ ಬಿಚ್ಚಿದರೆ ಒಳಗೆ ಎಣ್ಣೆಯೋ ಎಣ್ಣೆ. ಪಾಪದ ಹುಡುಗಿ ಅಪ್ಪನ ಸೈಕಲ್ಲು ಚೆನ್ನಾಗಿರಲಿ ಎಂದು ಎಣ್ಣೆ ಬಿಡಬಾರದ ಜಾಗಕ್ಕೂ ಬಿಟ್ಟಿದ್ದಳು. ಆ ಹಿಡಿ ನಿಲ್ಲುವುದೇ ಉಜ್ಜಿಕೊಂಡು, ನುಣುಪಾದರೆ ನಿಲ್ಲುವುದಿಲ್ಲ. ಅಕ್ಕ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿ, ತಿರುಪು ಬಿಗಿದಳು. ಮತ್ತೆ ಏರಿಗೆ ತುಳಿದಳು. ಸದ್ದು ಹೋಗಿತ್ತು.

ವಾಪಸು ಬಂದಾಗ ಮೇಸ್ತ್ರಿ ಮತ್ತೆ ಬಾಲದ ಪುಟ್ಟ ಚಕ್ರದ ಕಡೆ ಬೆರಳು ತೋರಿಸಿದ, ಕಣ್ಣಲ್ಲಿ ಅನುಮಾನ ಇಣುಕಿತ್ತು. ಅಕ್ಕ ಅವನೆದುರಿಗೇ ಕೂತು ಆ ಪುಟ್ಟ ಚಕ್ರ ಬಿಚ್ಚಿದಳು. ಅದಕ್ಕೇನೂ ಆಗಿರಲಿಲ್ಲ. ತೊಳೆದಳು, ಗ್ರೀಸು ಹಚ್ಚಿದಳು, ಕೂರಿಸಿದಳು, ಹೌದು ನೀವು ಹೇಳಿದ್ದೇ ಸರಿ ಎಂದು ತಲೆದೂಗಿದಳು. ಮೇಸ್ತ್ರಿ ನಿರಾಳವಾಗಿ ಕುರ್ಚಿಗೆ ಒರಗಿದ. ಜೀವನದಲ್ಲಿ ಅವಳು ಮಾಡಿದ ಅತಿ ಸುಲಭದ ರಿಪೇರಿ ಅದು, ಮುಗಿಸಲು ಅತಿ ಹೆಚ್ಚು ಹೊತ್ತು ಹಿಡಿದದ್ದೂ ಅದೇ.

ಬೆಳಿಗ್ಗೆ ಹುಡುಗಿ ಬಂದಾಗ ಅಕ್ಕ ಅವಳನ್ನು ಬಾಗಿಲಾಚೆಗೇ ನಿಲ್ಲಿಸಿ ಎಲ್ಲಾ ಹೇಳಿದಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು.

"ಹೇಳಬೇಡಿ ದೊಡ್ಡಮ್ಮ. ಹೀಗೇ ಇರಲಿ. ಅಪ್ಪ ಎಲ್ಲೋ ಒಂದು ಕಡೆ ಬದುಕಿದ್ದಾರೆ ಅಂತ ದೊಡ್ಡಪ್ಪನಾದ್ರೂ ಅಂದ್ಕೊಂಡಿರಲಿ. ಬಿ.ಪಿ. ಏರಿದ್ರೆ?"

"ಬದುಕಿದ್ದೂ ಬರ್ತಿಲ್ಲ ಅಂದ್ಕೊಂಡಿದ್ದಾರಲ್ಲೇ," ಎಂದಳು ಅಕ್ಕ. "ನನ್ನ ತಮ್ಮ ನನ್ನ ಕೈಬಿಟ್ಟ ಅಂದ್ಕೊಂಡಿದ್ದಾರೆ. ನಿಮ್ಮಪ್ಪ ಅಂಥವರಾ? ಸಾಯೋವರೆಗೂ ಒಂದು ತಿಂಗಳು ತಪ್ಪಿಸಿದವರಲ್ಲ. ಆ ಮಾತು ಅವರ ಮೇಲೆ ನಿಲ್ಲೋದು ಬೇಡ. ನನ್ನ ಕೈಲಿ ಇನ್ನೊಂದು ಭಾನುವಾರ ಆ ಸ್ಟೂಲು ಒರೆಸೋದನ್ನ ನೋಡೋಕಾಗಲ್ಲ."

"ಹೇಗೆ ಹೇಳ್ತೀರಿ?"

ಅಕ್ಕ ಸೈಕಲ್ಲನ್ನು ತಂದು ಮೇಸ್ತ್ರಿಯ ಕುರ್ಚಿಯ ಮುಂದೆ ನಿಲ್ಲಿಸಿದಳು. ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿದಳು. ತಾನು ನೆಲದ ಮೇಲೆ ಮಂಡಿಯೂರಿ, ಈ ಸಲ ಮುಖವನ್ನು ಬೇರೆ ಕಡೆ ತಿರುಗಿಸದೆ, ಗಂಡನ ಕಣ್ಣಿಗೆ ನೇರವಾಗಿ ಹಿಡಿದು, ಸೀಟಿನ ಕಂಬಿಯ ಬೋಲ್ಟು ಸಡಿಲಿಸಿದಳು.

ಮೇಸ್ತ್ರಿ ಕೈ ಆಡಿಸಿದ. ಬೇಡ, ಬೇಡ. ತಲೆಯ ಮೇಲೆ ಎತ್ತರಕ್ಕೆ ಅಂಗೈ ಹಿಡಿದು ತೋರಿಸಿದ: ಅವನು ಇಷ್ಟು ಉದ್ದ, ಇಳಿಸಿದರೆ ಮಂಡಿ ಹೊಡೆಯುತ್ತೆ. ಕಂಬಿಯ ಮೇಲಿನ ಕೆಂಪು ಟೇಪನ್ನು ಬೆರಳಿನಿಂದ ತಟ್ಟಿ ತೋರಿಸಿದ. ಅವನೇ, ಕೈ ಗಟ್ಟಿಯಾಗಿದ್ದಾಗ, ಸುತ್ತಿದ್ದ ಟೇಪು.

ಅಕ್ಕ ಆ ಟೇಪಿನ ತುದಿಗೆ ಉಗುರು ಹಾಕಿದಳು. ಹಳೆಯದಾಗಿ ಕಂಬಿಗೆ ಅಂಟಿಹೋಗಿತ್ತು, ಬಿಡಿಸಲು ಹೊತ್ತು ಹಿಡಿಯಿತು. ಸುತ್ತು ಸುತ್ತಾಗಿ ಬಿಚ್ಚಿಕೊಂಡು ಬಂತು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಪೂರಾ ಸುಲಿದ ಮೇಲೆ ಅದನ್ನು ಗಂಡನ ಎಡ ಅಂಗೈಯಲ್ಲಿಟ್ಟಳು.

ಮೇಸ್ತ್ರಿ ಅಂಗೈ ನೋಡಿಕೊಂಡ. ಬರಿದಾದ ಕಂಬಿ ನೋಡಿದ. ಹುಡುಗಿಯನ್ನು ನೋಡಿದ, ಅವಳ ಕೆಂಪಾದ ಕಣ್ಣು ನೋಡಿದ. ಸ್ಟೂಲಿನ ಕಡೆ ಒಮ್ಮೆ ನೋಡಿದ. ಕೊನೆಗೆ ಹೆಂಡತಿಯ ಮುಖಕ್ಕೆ ಬಂದು, ಅಲ್ಲಿ ಬರೆದದ್ದನ್ನು ನಿಧಾನವಾಗಿ ಓದಿದ.

"ಹೂಂ?" ಎಂದ.

ಇಷ್ಟು ವರ್ಷದಲ್ಲಿ ಆ ಹೂಂ ಒಂದು ಸಲವೂ ಪ್ರಶ್ನೆಯಾಗಿ ಬಂದಿರಲಿಲ್ಲ. ಅಕ್ಕ ಅವನ ಮಂಡಿ ಹಿಡಿದುಕೊಂಡಳು. ಅವನಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ, ತುಟಿ ಕಾಣುವ ಹಾಗೆ, ಹೇಳಿದಳು.

"ಹೂಂ."

ಮೇಸ್ತ್ರಿಯ ಗಂಟಲಿನಿಂದ ಒಂದು ಸದ್ದು ಬಂತು. ಹೂಂ ಅಲ್ಲ, ಬೇರೇನೋ. ಪಕ್ಕದಂಗಡಿಯ ಹೊಲಿಗೆ ಯಂತ್ರ ನಿಂತಿತು. ಅವನು ಟೇಪಿನ ಮುದ್ದೆಯನ್ನು ಎದೆಗೆ ಒತ್ತಿಕೊಂಡು, ತನಗೇ ಕೇಳಿಸದ ದನಿಯಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ಅತ್ತ. ಅಕ್ಕ ತಿಂಗಳುಗಟ್ಟಲೆ ಒಬ್ಬಳೇ ಅತ್ತು ಮುಗಿಸಿದ್ದೆ ಎಂದುಕೊಂಡಿದ್ದಳು. ಮುಗಿದಿರಲಿಲ್ಲ. ಹುಡುಗಿ ದೊಡ್ಡಪ್ಪನ ಹೆಗಲ ಮೇಲೆ ತಲೆಯಿಟ್ಟಳು.

ಬಹಳ ಹೊತ್ತಾದ ಮೇಲೆ ಅವನು ಮುಖ ಒರೆಸಿಕೊಂಡು, ಹುಡುಗಿಗೆ ಸೀಟು ತೋರಿಸಿದ. ಅಕ್ಕ ಅದನ್ನು ಕೆಳಗಿಳಿಸಿದಳು, ಹುಡುಗಿ ಹತ್ತಿ ಕೂತಳು. ಅಕ್ಕ ಸೀಟನ್ನು ಇನ್ನಷ್ಟು ತಗ್ಗಿಸುತ್ತಾ ಹೋದಳು, ಅವನು ಹುಡುಗಿಯ ಮಂಡಿ ನೋಡುತ್ತಾ ಇನ್ನೂ, ಇನ್ನೂ ಎಂದು ಬೆರಳಾಡಿಸಿದ, ಆಮೇಲೆ ಸಾಕು ಎಂದು ಕೈ ಅಡ್ಡ ಹಿಡಿದ. ಹೊಸ ಟೇಪನ್ನು ತಾನೇ ಸುತ್ತುತ್ತೇನೆ ಎಂದು ಕೈ ಚಾಚಿದ. ಒಂದೇ ಕೈಯಲ್ಲಿ ಟೇಪು ನಿಲ್ಲಲಿಲ್ಲ. ಅಕ್ಕ ತುದಿಯನ್ನು ಕಂಬಿಗೆ ಒತ್ತಿ ಹಿಡಿದುಕೊಂಡಳು, ಅವನು ಸುತ್ತಿದ.